ನವೆಂಬರ್ ಪಕ್ಷಿವೀಕ್ಷಣೆ, ಮೈಸೂರು: ಯಾವ ಕೆರೆ, ಎಷ್ಟು ಹೊತ್ತಿಗೆ, ಕಂದು ಬಾತುಗಳನ್ನು ಗುರುತಿಸೋದು ಹೇಗೆ?

ಬೇಲಿಹೂವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯವರು ನವೆಂಬರ್ ಮೂರನೇ ಭಾನುವಾರ ಹಕ್ಕಿ ನೋಡೋಕೆ ಹೊರಡೋದು ಅಂತ ತೀರ್ಮಾನ ಆಗಿದೆ. ಒಟ್ಟು 14 ಜನ. ಅದರಲ್ಲಿ 9ರಿಂದ 13 ವರ್ಷದ ಮಕ್ಕಳು ಐವರು, ಅರವತ್ತು ದಾಟಿದವರು ಮೂವರು. ಗುಳುಮುಳುಕ, ನಾಮದ ಕೋಳಿ, ಹೆಜ್ಜಾರ್ಲೆ, ಮಿಂಚುಳ್ಳಿ ಇಂಥವು ಹೆಚ್ಚಿನವರಿಗೆ ಗೊತ್ತು. ವಲಸೆ ಬಂದವುಗಳ ವಿಷಯದಲ್ಲಿ ಮಾತ್ರ ಎಲ್ಲರದೂ ಅಂದಾಜೇ.

ಕೇಳಬೇಕಾದ್ದು ಇಷ್ಟು. ಕುಕ್ಕರಹಳ್ಳಿ, ಲಿಂಗಾಂಬುಧಿ, ಕಾರಂಜಿ ಈ ಮೂರರಲ್ಲಿ ಯಾವುದು ಒಳ್ಳೆಯದು, ಅಥವಾ ಊರಾಚೆ ಹೋಗಬೇಕಾ? ಎಷ್ಟು ಹೊತ್ತಿಗೆ ಶುರು ಮಾಡಬೇಕು? ನಮ್ಮ ಹತ್ತಿರ ಮೂರು ದುರ್ಬೀನು ಇವೆ, ಎರಡು 10×50, ಒಂದು 8×42 (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು, ಎರಡನೇದು ಮುಂದಿನ ಗಾಜಿನ ಅಗಲ ಮಿ.ಮೀ.ನಲ್ಲಿ). 10×50ರಲ್ಲಿ ಕೆಲವರಿಗೆ ಚಿತ್ರ ಮಸುಕು, ಕೆಲವರಿಗೆ ಎರಡೆರಡು ವೃತ್ತ ಕಾಣುತ್ತೆ ಅಂತಾರೆ. ಬಾತುಗಳೆಲ್ಲ ಕಂದು ಬಣ್ಣದವೇ ಆಗಿ ಒಂದೇ ಥರ ಕಾಣುತ್ತವೆ, ಪುಸ್ತಕದ ಚಿತ್ರದ ಹಾಗೆ ಯಾವುದೂ ಇರೋದಿಲ್ಲ. ಮರದ ಮೇಲೆ ಓಡಾಡೋ ಪುಟಾಣಿ ಹಸಿರು ಹಕ್ಕಿಗಳ ಕಥೆಯೂ ಅದೇ. ಡಿಸೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತು ನೋಡೋ ಆಸೆಯೂ ಇದೆ. ಗೊತ್ತಿರೋರು ವಿವರವಾಗಿ ಹೇಳಿ.

ಕೆರೆಕೋಡಿ

ಕೆರೆಯ ಹೆಸರು ಆಮೇಲೆ ನೋಡೋಣ, ಮೊದಲು ನೀರಿನ ಮಟ್ಟ ನೋಡಿ. ನವೆಂಬರ್‌ನಲ್ಲಿ ಗುಂಪುಗಳು ಎಡವೋದು ಇಲ್ಲೇ. ಹಿಂಗಾರು ಚೆನ್ನಾಗಿ ಬಂದ ವರ್ಷ ಕೆರೆ ಕೋಡಿ ಬಿದ್ದಿರುತ್ತೆ, ಕಣ್ಣಿಗೆ ಸೊಗಸು, ಹಕ್ಕಿ ಮಾತ್ರ ಕಮ್ಮಿ. ಚಲುಕ ಬಾತು, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ಪೂರ್ತಿ ಮುಳುಗಿ ಮೇಯುವ ಜಾತಿಯವಲ್ಲ. ಕತ್ತು ಅದ್ದಿ, ಬಾಲ ಮೇಲೆತ್ತಿ, ಎಟುಕಿದಷ್ಟನ್ನು ತಿನ್ನುತ್ತವೆ. ಮೊಣಕಾಲಿಗಿಂತ ಆಳ ಇರೋ ಕಡೆ ಅವಕ್ಕೆ ಸಿಗೋದು ಕಡಿಮೆ. ಕೆಸರಲ್ಲಿ ಹುಳ ಹುಡುಕಿ ತಿನ್ನೋ ಗೊರವಗಳಿಗಂತೂ ನೀರಂಚಿನಲ್ಲಿ ಕೆಸರಿನ ಪಟ್ಟಿ ಇರಲೇಬೇಕು. ತುಂಬಿದ ಕೆರೆಯಲ್ಲಿ ಆ ಪಟ್ಟಿ ಹುಲ್ಲಿನೊಳಗೆ ಮುಳುಗಿ ಹೋಗಿರುತ್ತೆ. ಆಗ ಹಕ್ಕಿಗಳು ಸುತ್ತಲಿನ ಗದ್ದೆ, ಕಟ್ಟೆ, ಸಣ್ಣ ಗೋಕಟ್ಟೆಗಳಿಗೆ ಚದುರಿಬಿಡುತ್ತವೆ.

ಆದ್ದರಿಂದ ಹಿಂದಿನ ದಿನ ಸಂಜೆ ಯಾರಾದರೊಬ್ಬರು ಹೋಗಿ ನೋಡಿ ಬನ್ನಿ. ಏರಿ ಮೇಲೆ ನಿಂತು ನೋಡಿದರೆ ಸಾಲದು. ಏರಿ ಪಕ್ಕ, ತೂಬಿನ ಸುತ್ತ ಯಾವಾಗಲೂ ಆಳ, ಅಲ್ಲಿ ನೀರುಕಾಗೆ, ಹೆಜ್ಜಾರ್ಲೆ, ಗುಳುಮುಳುಕ ಸಿಗುತ್ತವೆ. ನೀರು ಒಳಗೆ ಬರುವ ಕಡೆ, ಅಂದರೆ ಕೆರೆಯಂಗಳದ ತುದಿಗೆ ಹೋಗಿ. ಅಲ್ಲಿ ಎರಡು ಮೂರು ಮೀಟರ್ ಅಗಲದ ಕೆಸರು ಕಂಡರೆ ಮರುದಿನ ಅಲ್ಲಿಗೇ ಹೋಗಬಹುದು.

ನಿಮ್ಮ ಮೂರರ ಪೈಕಿ ಕಾರಂಜಿಯನ್ನು ಈ ಸಲ ಬಿಡಿ. ಬಾಗಿಲು ತೆಗೆಯೋದು 8:30ಕ್ಕೆ, ಅಷ್ಟರಲ್ಲಿ ಬೆಳಗಿನ ಒಳ್ಳೆ ಹೊತ್ತು ಮುಗಿದಿರುತ್ತೆ. ಕುಕ್ಕರಹಳ್ಳಿಯಲ್ಲಿ ನಡಿಗೆ ದಾರಿ ಸಮತಟ್ಟು, ಹಿರಿಯರಿಗೆ ಅನುಕೂಲ. ಹೆಜ್ಜಾರ್ಲೆ, ಹಾವಕ್ಕಿ, ಬಕಗಳು ಹತ್ತಿರದಿಂದಲೇ ಕಾಣುತ್ತವೆ. ಆದರೆ ಭಾನುವಾರ ಬೆಳಗ್ಗೆ ವಾಕಿಂಗ್‌ನವರ ಜಾತ್ರೆ. ಲಿಂಗಾಂಬುಧಿ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ, ಕುರುಚಲು ಗಿಡ, ಮರ, ಹುಲ್ಲು, ನೀರು ಎಲ್ಲ ಒಂದೇ ಕಡೆ. ಮಕ್ಕಳಿರೋ ಗುಂಪಿಗೆ ನನ್ನ ಮತ ಲಿಂಗಾಂಬುಧಿಗೇ. ದೊಡ್ಡ ಗುಂಪು ಬರ್ತಿದೆ ಅಂತ ಅಲ್ಲಿನ ಸಿಬ್ಬಂದಿಗೆ ಎರಡು ದಿನ ಮೊದಲೇ ತಿಳಿಸಿ, ಬಾಗಿಲು ತೆಗೆಯೋ ಹೊತ್ತನ್ನೂ ಕೇಳಿಕೊಳ್ಳಿ. ರಂಗನತಿಟ್ಟಿಗೆ ಈಗ ಹೋದರೆ ಗೂಡುಗಳ ಗದ್ದಲ ಇನ್ನೂ ಶುರುವಾಗಿರೋದಿಲ್ಲ, ಕೊಕ್ಕರೆ ಬೆಳ್ಳೂರಿಗೂ ಸಂಕ್ರಾಂತಿ ಕಳೆದ ಮೇಲೆ ಹೋಗೋದು ವಾಸಿ.

ಇನ್ನು ಹೊತ್ತು. ನವೆಂಬರ್ ಮಧ್ಯದಲ್ಲಿ ಮೈಸೂರಲ್ಲಿ ಸೂರ್ಯ ಹುಟ್ಟೋದು 6:20ರ ಆಸುಪಾಸು. 6:15ಕ್ಕೆ ಬಾಗಿಲ ಹತ್ತಿರ ಸೇರಿ. ಎಲ್ಲರೂ ನೇರ ನೀರಿನ ಹತ್ತಿರ ಓಡ್ತಾರೆ, ಈ ತಿಂಗಳಲ್ಲಿ ಅದು ತಪ್ಪು. ತಂಪಿನ ಬೆಳಗ್ಗೆ ಕೆರೆ ಮೇಲೆ ಮಂಜು ಕೂತಿರುತ್ತೆ, 7:30ರವರೆಗೂ ನೂರು ಮೀಟರ್ ಆಚೆಯದು ಬರೀ ಬೂದು. ಹೀಗೆ ಮಾಡಿ:

6:30ರಿಂದ 7ರವರೆಗೆ ಒಂದೇ ಕಡೆ ನಿಲ್ಲಿ. ರಾತ್ರಿ ತಂಗಿದ್ದ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳು ಸಾಲು ಸಾಲಾಗಿ ಮೇವಿಗೆ ಹೊರಡುವ ಹೊತ್ತು ಅದು. ತಲೆ ಮೇಲೆ ಹಾದುಹೋಗೋದನ್ನು ಎಣಿಸೋದೇ ಮಕ್ಕಳಿಗೆ ಕೆಲಸ ಆಗುತ್ತೆ.

7ರಿಂದ 8ರವರೆಗೆ ಮರಗಳು. ಎಳೆಬಿಸಿಲು ಮೊದಲು ಬೀಳುವ ಕೊಂಬೆಗಳಲ್ಲೇ ಹುಳುಗಳು ಏಳುತ್ತವೆ, ಹುಳುವಿನ ಹಿಂದೆ ನೊಣಹಿಡುಕ, ಉಲಿಯಕ್ಕಿ, ಕಾಜಾಣ ಬರುತ್ತವೆ. ನೆರಳಿರೋ ಮರದ ಕೆಳಗೆ ನಿಂತು ಕಾಲ ಕಳೆಯಬೇಡಿ.

8ರಿಂದ 9:15ರವರೆಗೆ ನೀರು. ಬಾತುಗಳು ಎಲ್ಲೂ ಓಡಿಹೋಗೋದಿಲ್ಲ, ಹಗಲೆಲ್ಲ ಅಲ್ಲೇ ತೂಕಡಿಸುತ್ತಾ ಇರುತ್ತವೆ. ಸೂರ್ಯ ನಿಮ್ಮ ಬೆನ್ನಿಗಿರಬೇಕು, ಅಂದರೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು. ಎದುರು ಬಿಸಿಲಲ್ಲಿ ಎಲ್ಲ ಬಾತೂ ಕಪ್ಪೇ.

9:15ಕ್ಕೆ ತಿಂಡಿಗೆ ಕೂತವರು ಆಕಾಶ ನೋಡ್ತಾ ಇರಿ. ನೆಲ ಕಾದು ಬಿಸಿಗಾಳಿ ಏಳೋಕೆ ಶುರುವಾದ ಮೇಲೆಯೇ ದೊಡ್ಡ ರೆಕ್ಕೆಯ ಬೇಟೆಹಕ್ಕಿಗಳು ಮೇಲೇರೋದು. ಬಾಲದ ತುದಿ ಕವಲಾಗಿದ್ದರೆ ನಮ್ಮ ಮಾಮೂಲಿ ಹದ್ದು. ರೆಕ್ಕೆಗಳನ್ನು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಎತ್ತಿಕೊಂಡು ಜೊಂಡಿನ ಮೇಲೆ ತಗ್ಗಿನಲ್ಲಿ ತೇಲ್ತಾ ಇದ್ದರೆ ಜೌಗು ಸೆಳೆವ, ಚಳಿಗಾಲದ ಅತಿಥಿ.

ಒಟ್ಟು ನಡಿಗೆ ಎರಡು ಕಿಲೋಮೀಟರ್ ಮೀರಬಾರದು. ಕೆರೆ ಪೂರ್ತಿ ಸುತ್ತೋ ಹಟಕ್ಕೆ ಬಿದ್ದರೆ ಅದು ವಾಕಿಂಗ್ ಆಗುತ್ತೆ ಅಷ್ಟೆ.

ಗಾಜುಕಣ್ಣು

ದುರ್ಬೀನಿನ ಪ್ರಶ್ನೆಗೆ ಉತ್ತರಿಸ್ತೀನಿ. ಮಸುಕು ಬೇರೆ, ಎರಡು ವೃತ್ತ ಬೇರೆ, ಒಂದೇ ವಸ್ತು ಎರಡಾಗಿ ಕಾಣೋದು ಇನ್ನೂ ಬೇರೆ. ಮೂರಕ್ಕೂ ಕಾರಣ ಒಂದಲ್ಲ.

ಎರಡು ವೃತ್ತ ಕಾಣ್ತಿದ್ದರೆ ಎರಡು ಕೊಳವೆಗಳ ನಡುವಿನ ಅಂತರ ನೋಡುವವರ ಕಣ್ಣಿನ ಅಂತರಕ್ಕೆ ಹೊಂದಿಲ್ಲ ಅಂತ. ನಡುವಿನ ಕೀಲನ್ನು ಮಡಚುತ್ತಾ ಬಿಡಿಸುತ್ತಾ ಒಂದೇ ವೃತ್ತ ಬರುವವರೆಗೆ ಹೊಂದಿಸಿ. ಮಕ್ಕಳ ತೊಂದರೆ ಇಲ್ಲೇ ಇರೋದು: ಬಹಳಷ್ಟು ದೊಡ್ಡ ದುರ್ಬೀನುಗಳು 56 ಮಿ.ಮೀ.ಗಿಂತ ಕಡಿಮೆಗೆ ಮಡಚೋದಿಲ್ಲ, ಚಿಕ್ಕ ಮಕ್ಕಳ ಕಣ್ಣುಗಳ ಅಂತರ ಅದಕ್ಕಿಂತ ಕಮ್ಮಿ. ಎಷ್ಟು ತಿರುಗಿಸಿದರೂ ಒಂದು ಕಡೆ ಕಪ್ಪು ಬರುತ್ತೆ, ಮಗು ‘ಕಾಣ್ತು’ ಅಂತ ಸುಳ್ಳು ಹೇಳಿ ಪಕ್ಕದವರಿಗೆ ಕೊಡುತ್ತೆ. ಅಂಥವರಿಗೆ ಒಂದೇ ಕೊಳವೆಯಲ್ಲಿ, ಒಂದೇ ಕಣ್ಣಲ್ಲಿ ನೋಡೋಕೆ ಹೇಳಿಕೊಡಿ, ಅಥವಾ ಯಾರ ಹತ್ತಿರವಾದರೂ ಹಗುರವಾದ 8×30 ಇದ್ದರೆ ಕೇಳಿ ತನ್ನಿ.

ಮಸುಕಿಗೆ ಮುಖ್ಯ ಕಾರಣ ಬಲಗಣ್ಣಿನ ಹತ್ತಿರದ ಡಯಾಪ್ಟರ್ ಬಳೆ. ಒಬ್ಬರಿಂದ ಒಬ್ಬರಿಗೆ ದಾಟುವಾಗ ಅದು ತಿರುಗಿಬಿಟ್ಟಿರುತ್ತೆ. ಹೊರಡುವ ಮುಂಚೆ ಸರಿಮಾಡಿ. 30–40 ಮೀಟರ್ ದೂರದ ಅಂಗಡಿ ಬೋರ್ಡು ಹಿಡಿಯಿರಿ. ಮುಂದಿನ ಬಲ ಗಾಜನ್ನು ಅಂಗೈಯಲ್ಲಿ ಮುಚ್ಚಿ, ಎರಡೂ ಕಣ್ಣು ತೆರೆದೇ ಇಟ್ಟು, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಚೂಪಾಗಿ ಬರೋ ಹಾಗೆ ಮಾಡಿ. ಈಗ ಎಡ ಗಾಜನ್ನು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಡೆ ಬಳೆ ಮಾತ್ರ ತಿರುಗಿಸಿ ಅದೇ ಅಕ್ಷರ ಚೂಪು ಮಾಡಿ. ಅಲ್ಲಿಂದ ಮುಂದೆ ದೂರ ಬದಲಾದಾಗ ನಡುವಿನ ಚಕ್ರ ಒಂದೇ ಸಾಕು. ನಾಲ್ಕೈದು ಜನ ಹಂಚಿಕೊಳ್ಳುವ ದುರ್ಬೀನಾದರೆ ಬಳೆಯನ್ನು ನಡುಗುರುತಿಗೆ ತಂದು ಅದರ ಮೇಲೆ ಸಣ್ಣ ಟೇಪು ಅಂಟಿಸಿಬಿಡಿ, ತಕರಾರು ಅರ್ಧ ಕಮ್ಮಿಯಾಗುತ್ತೆ. ಕನ್ನಡಕದವರು ಕನ್ನಡಕ ತೆಗೆಯದೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಗೆ ಮಡಚಬೇಕು, ಇಲ್ಲದವರು ಹೊರಗೆ ಎಳೆಯಬೇಕು. ಇದನ್ನು ಉಲ್ಟಾ ಮಾಡಿದರೆ ಸುರಂಗದೊಳಗಿಂದ ನೋಡಿದ ಹಾಗಾಗುತ್ತೆ.

ಒಂದೇ ಕಂಬ ಎರಡಾಗಿ ಕಾಣ್ತಿದ್ದರೆ, ಐದು ನಿಮಿಷಕ್ಕೆ ತಲೆನೋವು ಬರ್ತಿದ್ದರೆ, ಅದು ಯಾವಾಗಲೋ ಕೆಳಗೆ ಬಿದ್ದು ಒಳಗಿನ ಪಟ್ಟಕ ಜರುಗಿರೋ ದುರ್ಬೀನು. ಮನೆಯಲ್ಲಿ ತಿರುಪು ಬಿಚ್ಚಿ ಸರಿಯಾಗೋ ಕೆಲಸ ಅಲ್ಲ ಅದು, ಆ ದಿನಕ್ಕೆ ಅದನ್ನು ಬಿಟ್ಟೇ ಹೋಗಿ.

10×50 ನಡುಗುತ್ತೆ ಅನ್ನೋ ದೂರು ಕೂಡ ಬರುತ್ತೆ ನೋಡಿ. ಹತ್ತು ಪಟ್ಟು ಅಂದರೆ ಕೈ ನಡುಕವೂ ಹತ್ತು ಪಟ್ಟು, ತೂಕವೂ ಹೆಚ್ಚೂಕಮ್ಮಿ ಒಂದು ಕಿಲೋ. ಅದನ್ನು ನೀರಿನ ಹಕ್ಕಿಗೆ ಮೀಸಲಿಡಿ: ಕಂಬಿಯ ಮೇಲೋ ಬೆಂಚಿನ ಬೆನ್ನಿನ ಮೇಲೋ ಮೊಣಕೈ ಊರಿ ನೋಡಿದರೆ ಸ್ಥಿರವಾಗಿ ನಿಲ್ಲುತ್ತೆ. ಮರದ ಹಕ್ಕಿಗೆ 8×42 ಕೊಡಿ. ಅದರ ನೋಟದ ಅಗಲ 7–8 ಡಿಗ್ರಿ, ಚುರುಕಾದ ಹಕ್ಕಿ ಬೇಗ ಸಿಗುತ್ತೆ. ಹೊಸದಾಗಿ ಕೊಳ್ಳೋರು ಯಾರಾದರೂ ಇದ್ದರೆ 8×42 ಬಿಟ್ಟು ಬೇರೆ ಯೋಚನೆ ಬೇಡ, ಅದರಲ್ಲೂ 10–30 ಪಟ್ಟು ಅಂತ ಜೂಮ್ ಇರೋದನ್ನು ಯಾವ ಕಾರಣಕ್ಕೂ ಬೇಡ. ನೋಟ ಕಿರಿದು, ಬೆಳಕು ಮಂಕು.

ಇನ್ನೊಂದು ಮಾತು. ಮಳೆಗಾಲವೆಲ್ಲ ಚರ್ಮದ ಚೀಲದಲ್ಲಿ ಇಟ್ಟಿದ್ದ ದುರ್ಬೀನಾದರೆ ದೊಡ್ಡ ಗಾಜಿನ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡರ ಎಳೆಯಂಥ ಗೆರೆ ಕಂಡರೆ ಬೂಷ್ಟು ಹಿಡಿದಿದೆ. ಮುಂದೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಜೌಗುನೆಲ

ಬಾತುಗಳು ಪುಸ್ತಕದ ಹಾಗೆ ಕಾಣದಿರೋಕೆ ಕಾರಣ ಇದೆ. ಮರಿ ಮಾಡಿದ ಮೇಲೆ ಗಂಡುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನ ಹಾಗೆ ಮಂಕು ಗರಿ ಹೊದ್ದುಕೊಳ್ಳುತ್ತವೆ. ನಮ್ಮಲ್ಲಿಗೆ ಬಂದಿಳಿಯೋದು ಆ ವೇಷದಲ್ಲೇ. ನವೆಂಬರ್‌ನಲ್ಲಿ ಚಲುಕ ಬಾತಿನ ಗಂಡು ಅರ್ಧ ಬಣ್ಣ ಬಂದು ತೇಪೆ ತೇಪೆಯಾಗಿ ಇರುತ್ತೆ, ಬಿಳಿಹುಬ್ಬಿನ ಬಾತಿನ ಗಂಡಂತೂ ಫೆಬ್ರವರಿ ಹತ್ತಿರ ಬರೋವರೆಗೂ ಪೂರ್ತಿ ಬಣ್ಣಕ್ಕೆ ಬರೋದಿಲ್ಲ. ಹಾಗಾಗಿ ಬಣ್ಣವನ್ನು ನಂಬಬೇಡಿ. ಕೊಕ್ಕು, ಮುಖದ ಗೆರೆ, ಕತ್ತಿನ ಉದ್ದ, ರೆಕ್ಕೆ ಬಿಚ್ಚಿದಾಗ ಕಾಣುವ ಪಟ್ಟಿ, ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿ.

ಚಲುಕ ಬಾತು, ಅಂದರೆ ಶವಲರ್: ಕೊಕ್ಕು ತಲೆಗಿಂತ ಉದ್ದ, ತುದಿ ಸೌಟಿನಂತೆ ಅಗಲ. ಕೊಕ್ಕನ್ನು ನೀರಿನ ಮೇಲ್ಮೈಗೆ ಒತ್ತಿ ಸೋಸುತ್ತಾ ಗುಂಪಾಗಿ ವೃತ್ತಾಕಾರದಲ್ಲಿ ಈಜುತ್ತೆ, ಇನ್ನೂರು ಮೀಟರ್‌ನಿಂದಲೂ ಆ ಸುತ್ತಾಟ ಗೊತ್ತಾಗುತ್ತೆ. ಮಂಕು ಗರಿಯಲ್ಲಿದ್ದರೂ ಬೆಳೆದ ಗಂಡಿನ ಕಣ್ಣು ಹಳದಿ, ಹೆಣ್ಣಿನದು ಕಂದು.

ಬಿಳಿಹುಬ್ಬಿನ ಬಾತು, ಅಂದರೆ ಗಾರ್ಗೆನಿ: ಚಿಕ್ಕದು. ಈಗ ಆ ಬಿಳಿಹುಬ್ಬು ಹುಡುಕಬೇಡಿ, ಎದ್ದು ಕಾಣೋದಿಲ್ಲ. ಮುಖದ ಮೇಲೆ ಎರಡು ಕಪ್ಪು ಗೆರೆ, ಕೊಕ್ಕಿನ ಬುಡದಲ್ಲಿ ಒಂದು ತಿಳಿ ಮಚ್ಚೆ, ಇದೇ ಗುರುತು. ಹಾರಿದಾಗ ಗಂಡಿನ ರೆಕ್ಕೆಯ ಮುಂಭಾಗ ತಿಳಿ ಬೂದುನೀಲಿ.

ಸೂಜಿಬಾಲದ ಬಾತು, ಅಂದರೆ ಪಿನ್‌ಟೇಲ್: ಬಾಲದ ಸೂಜಿ ಇನ್ನೂ ಬೆಳೆದಿರೋದಿಲ್ಲ. ಕತ್ತು ನೋಡಿ, ಸಪೂರ, ಉದ್ದ. ತಲೆ ಕಂದು, ಮುಖದಲ್ಲಿ ಗೆರೆಯೇ ಇಲ್ಲ, ಕೊಕ್ಕು ಬೂದು. ಉಳಿದವು ಎಟುಕಿಸಿಕೊಳ್ಳಲಾಗದ ಸ್ವಲ್ಪ ಆಳದ ಕಡೆಯೂ ಇದು ಬಾಲ ಮೇಲೆ ಮಾಡಿ ಮೇಯುತ್ತೆ.

ಇವುಗಳ ಜೊತೆ ವರಟೆಯನ್ನು ಸೇರಿಸಿ ಗೊಂದಲ ಮಾಡಿಕೊಳ್ಳೋರು ಜಾಸ್ತಿ. ವರಟೆ ವಲಸೆಯದಲ್ಲ, ವರ್ಷವಿಡೀ ಇಲ್ಲೇ. ಗಾತ್ರ ದೊಡ್ಡದು, ಕಪ್ಪು ಕೊಕ್ಕಿನ ತುದಿಗೆ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ. ಗುಂಪಲ್ಲಿ ಮೊದಲು ವರಟೆಯನ್ನು ಗುರುತು ಹಿಡಿದುಕೊಳ್ಳಿ, ಉಳಿದವುಗಳ ಗಾತ್ರಕ್ಕೆ ಅದೇ ಅಳತೆಗೋಲು. ಕೆಂಗಂದು ಬಣ್ಣದ, ಹಾರುವಾಗ ಸಿಳ್ಳೆ ಹಾಕೋ ಸಿಳ್ಳೆ ಬಾತು ಕೂಡ ನಮ್ಮದೇ.

ಹತ್ತಿರ ಹೋಗೋ ರೀತಿ ಮುಖ್ಯ. ನೇರ ಅವುಗಳ ಕಡೆ ನಡೆದರೆ ಇಡೀ ಹಿಂಡು ಏಳುತ್ತೆ. ದಡಕ್ಕೆ ಓರೆಯಾಗಿ, ಎಲ್ಲೋ ಹೋಗೋರ ಹಾಗೆ ನಡೆಯಿರಿ. ನಿದ್ದೆಯಲ್ಲಿ ಬೆನ್ನಿಗೆ ಕೊಕ್ಕು ಸಿಕ್ಕಿಸಿದ್ದ ಬಾತುಗಳು ಒಂದೊಂದಾಗಿ ಕತ್ತು ನೆಟ್ಟಗೆ ಮಾಡಿದವು ಅಂದರೆ ಅಲ್ಲಿಗೇ ನಿಲ್ಲಿ. ಇನ್ನೊಂದು ಹೆಜ್ಜೆ ಇಟ್ಟರೆ ಎಲ್ಲರ ಪಾಲಿಗೂ ಹೋಯ್ತು.

ಕೆಸರಂಚಿನ ಗೊರವಗಳಲ್ಲಿ ಈ ಸಲ ಮೂರನ್ನು ಕಲಿತರೆ ಸಾಕು. ಕೂತಲ್ಲೇ ಹಿಂಭಾಗ ಕುಣಿಸುತ್ತಾ, ಭುಜದ ಹತ್ತಿರ ಬಿಳಿ ಒಳನುಗ್ಗಿದ್ದು, ಹಾರುವಾಗ ನೀರಿಗೆ ತಾಗೋ ಹಾಗೆ ರೆಕ್ಕೆ ಬಿಗಿಹಿಡಿದು ಪಟಪಟನೆ ಹೋದರೆ ಕಾಮನ್ ಸ್ಯಾಂಡ್‌ಪೈಪರ್. ಬೆನ್ನ ತುಂಬ ತಿಳಿ ಚುಕ್ಕೆ, ಎದ್ದು ಕಾಣುವ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು ಇದ್ದರೆ ವುಡ್ ಸ್ಯಾಂಡ್‌ಪೈಪರ್. ಬೆನ್ನು ಕಡುಗಪ್ಪು, ಏಳುವಾಗ ಸೊಂಟ ಬಿಳಿ, ರೆಕ್ಕೆಯ ಅಡಿ ಕಪ್ಪು ಆದರೆ ಗ್ರೀನ್ ಸ್ಯಾಂಡ್‌ಪೈಪರ್, ಇದು ಹೆಚ್ಚಾಗಿ ಒಂಟಿ.

ಬೇಲಿಹೂವು

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮರದ ಹಸಿರು ಹಕ್ಕಿ ಮತ್ತೆ ಬಾಲ ಕುಣಿಸೋ ಹಳದಿ ಹಕ್ಕಿಗಳ ಬಗ್ಗೆ ಯಾರಾದರೂ ಹೇಳ್ತೀರಾ? ದನಿ ಕೇಳಿ ಹಕ್ಕಿಯ ಹೆಸರು ಹೇಳೋ ಮೊಬೈಲಿನ ಮರ್ಲಿನ್ ಆ್ಯಪ್ ಸಾಕಾಗುತ್ತೆ ಅಂತ ನಮ್ಮಲ್ಲೊಬ್ಬರ ವಾದ. ಮೊಬೈಲಲ್ಲಿ ಹಕ್ಕಿಯ ಕೂಗು ಹಾಕಿ ಕರೆದರೆ ಹಕ್ಕಿ ಹತ್ತಿರ ಬರುತ್ತೆ ಅಂತಲೂ ಅಂದರು.

ಎಲೆಮರೆ

ಕೂಗು ಹಾಕೋದು ಬೇಡ, ಚರ್ಚೆಯೇ ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮೈ ತುಂಬಿಕೊಳ್ತಾ ಇರೋ ಹಕ್ಕಿಯ ಹೊತ್ತು, ಶಕ್ತಿ ಎರಡೂ ಸುಮ್ಮನೆ ಹೋಗುತ್ತೆ. ಅದೂ ಅಲ್ಲದೆ ದಿನಾ ಗುಂಪುಗಳು ಬರೋ ಕೆರೆ ಅದು, ನೀವೊಬ್ಬರೇ ಹಾಕೋದಲ್ಲ.

ಮರ್ಲಿನ್ ಇರಲಿ, ಆದರೆ ಅದು ಹೇಳಿದ್ದು ಸುಳಿವು ಮಾತ್ರ. ಭಾರತದ ಹಕ್ಕಿಗಳ ಪ್ಯಾಕನ್ನು ಮನೆಯ ವೈಫೈಯಲ್ಲೇ ಇಳಿಸಿಕೊಂಡು ಹೋಗಿ. ಅದು ಹೆಸರು ತೋರಿಸಿದ ತಕ್ಷಣ ಪಟ್ಟಿಗೆ ಬರೆಯಬೇಡಿ, ಆ ಹಕ್ಕಿಯನ್ನು ಕಣ್ಣಲ್ಲಿ ಹುಡುಕಿ. ಕಾಜಾಣ ಬೇರೆ ಹಕ್ಕಿಗಳ ದನಿ ಅಣಕಿಸೋದರಲ್ಲಿ ನಿಸ್ಸೀಮ, ಆ್ಯಪ್ ಅದಕ್ಕೆ ಸುಲಭವಾಗಿ ಮೋಸಹೋಗುತ್ತೆ.

ಹಸಿರು ಹಕ್ಕಿಗಳಿಗೆ ಬರೋಣ. ಎರಡೇ ಎರಡನ್ನು ಹಿಡಿದರೆ ಮೈಸೂರಿನ ಚಳಿಗಾಲದ ಉಲಿಯಕ್ಕಿಗಳಲ್ಲಿ ದೊಡ್ಡ ಪಾಲು ಮುಗಿಯಿತು. ಮರದ ಮೇಲ್ಭಾಗದಲ್ಲಿ ಎಲೆಯಿಂದ ಎಲೆಗೆ ಹಾರುತ್ತಾ, ಆಗಾಗ ‘ಚಿಸ್‌ವೀ’ ಅಂತ ಎರಡು ತುಂಡಾಗಿ ಉಲಿಯೋದು ಗ್ರೀನಿಶ್ ವಾರ್ಬ್ಲರ್. ತಿಳಿ ಹುಬ್ಬು ಉದ್ದ, ರೆಕ್ಕೆ ಮೇಲೆ ಒಂದು ಸಣ್ಣ ತಿಳಿ ಗೆರೆ, ಗರಿ ಸವೆದಿದ್ದರೆ ಅದೂ ಕಾಣದು. ಎದೆಮಟ್ಟದ ಪೊದೆಯೊಳಗಿಂದ, ನಾಲಿಗೆಯಲ್ಲಿ ಲೊಟಗುಟ್ಟಿದಂತೆ ‘ಟಕ್… ಟಕ್’ ಅಂತ ಕೇಳಿ, ಹಕ್ಕಿ ಮಾತ್ರ ಕಾಣದಿದ್ದರೆ ಬ್ಲೈತ್ಸ್ ರೀಡ್ ವಾರ್ಬ್ಲರ್. ಕಂಡಾಗ ಬರೀ ಕಂದು, ಯಾವ ಗುರುತೂ ಇಲ್ಲ, ಅದೇ ಅದರ ಗುರುತು. ಟುವ್ವಿ ಹಕ್ಕಿಯೂ ಪೊದೆಯಲ್ಲೇ ಇರುತ್ತೆ, ಆದರೆ ಅದರ ನೆತ್ತಿ ಕೆಂಗಂದು, ಬಾಲ ನೆಟ್ಟಗೆ. ಪೊದೆ ಎದುರು ಐದು ನಿಮಿಷ ಕದಲದೆ ನಿಂತರೆ ಬ್ಲೈತ್ಸ್ ಅಂಚಿಗೆ ಬರುತ್ತೆ. ಮಕ್ಕಳಿಗೆ ಐದು ನಿಮಿಷ ಕಷ್ಟ, ದೊಡ್ಡವರಿಗೆ ಇನ್ನೂ ಕಷ್ಟ.

ನೀವು ಕೇಳಿದ ಬಾಲ ಕುಣಿಸೋ ಹಕ್ಕಿಗಳು ಸಿಪಿಲೆಗಳು. ಅವುಗಳಲ್ಲಿ ತಪ್ಪಾಗೋದು ಹೆಚ್ಚೂಕಮ್ಮಿ ಯಾವಾಗಲೂ ಒಂದೇ ಕಡೆ. ಬೂದು ಸಿಪಿಲೆಯ ಹೊಟ್ಟೆಯ ಹಿಂಭಾಗ ಹಳದಿ, ಅದನ್ನು ನೋಡಿ ಹಳದಿ ಸಿಪಿಲೆ ಅಂತ ಬರೆದುಬಿಡ್ತಾರೆ. ಬೆನ್ನು ನೋಡಿ: ಬೂದಿ ಬಣ್ಣದ ಬೆನ್ನು, ತೀರ ಉದ್ದದ ಬಾಲ, ನೆರಳಿನ ತೇವದ ದಾರಿ ಅಥವಾ ಹರಿಯೋ ನೀರು ಇದ್ದರೆ ಬೂದು ಸಿಪಿಲೆ. ಬೆನ್ನು ಪಾಚಿ ಬಣ್ಣ, ಬಾಲ ಗಿಡ್ಡ, ಬಯಲು ಹುಲ್ಲಲ್ಲಿ ದನದ ಕಾಲ ಬಳಿ ಓಡಾಡ್ತಾ ಇದ್ದರೆ ಹಳದಿ ಸಿಪಿಲೆ. ಹಳದಿಯೇ ಇಲ್ಲದೆ ಕಪ್ಪುಬಿಳುಪು ಇದ್ದು ಹಣೆ ಪೂರ್ತಿ ಕಪ್ಪು, ಹುಬ್ಬು ಬಿಳಿ ಇದ್ದರೆ ಅದು ನಮ್ಮೂರದೇ ಬಿಳಿಹುಬ್ಬಿನ ಸಿಪಿಲೆ. ಹಣೆ ಬಿಳಿಯಾಗಿದ್ದರೆ ವಲಸೆಯ ಬಿಳಿ ಸಿಪಿಲೆ.

ಬೇಲಿ ಕಡ್ಡಿಯ ತುದಿಯಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಕಂದು ಹಕ್ಕಿ ಕರ್ಕಶವಾಗಿ ಬೈತಾ ಇದ್ದರೆ ಕಂದು ಕೀಚುಗ. ಚಳಿಗಾಲವಿಡೀ ಅದೇ ನಾಲ್ಕು ಗಿಡ ಅದರ ಜಹಗೀರು, ಆದ್ದರಿಂದ ಮೊದಲ ದಿನ ತಪ್ಪಿಸಿಕೊಂಡರೂ ಮುಂದಿನ ವಾರ ಸಿಗುತ್ತೆ.

ನವರಂಗದ ಆಸೆ ಇದ್ದರೆ ಮರದಡಿಯ ತರಗೆಲೆ ನೋಡಿ. ಅಕ್ಟೋಬರ್–ನವೆಂಬರ್‌ನಲ್ಲಿ ಅದು ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಊರ ತೋಟಗಳಲ್ಲೂ ಇಳಿಯುತ್ತೆ. ಸುಸ್ತಾಗಿ ಕಿಟಕಿ ಗಾಜಿಗೆ ಬಡಿದು ಬೀಳೋದೂ ಇದೇ ದಿನಗಳಲ್ಲಿ. ಬಿದ್ದದ್ದು ಸಿಕ್ಕರೆ ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಒಂದೆರಡು ಗಂಟೆ ಸುಮ್ಮನೆ ಬಿಡಿ. ಹೆಚ್ಚಿನವು ಚೇತರಿಸಿಕೊಂಡು ಹಾರುತ್ತವೆ. ಹಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಜ್ವಾಳದಹೊಲ

ಪಟ್ಟೆತಲೆ ಹೆಬ್ಬಾತಿನ ಬಗ್ಗೆ ಕೇಳೀರಿ, ಹೇಳ್ತೀನ್ರಿ. ನವೆಂಬರ್ ಮೂರನೇ ವಾರಕ್ಕ ಅವಸರ ಮಾಡಬ್ಯಾಡ್ರಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಹಕ್ಕಿ ಅದು. ನಮ್ಮ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರಿಗೆ ನವೆಂಬರ್‌ದಾಗ ಮೊದಲ ಹಿಂಡು ಇಳೀತಾವ್ರಿ, ಖರೇ ಗದ್ದಲ ಡಿಸೆಂಬರ್ ನಡುವಿಂದ ಫೆಬ್ರವರಿತನಕ. ಮಾರ್ಚ್‌ದಾಗ ಹೊಳ್ಳಿ ಹೋಗ್ತಾವ. ಈ ಕೆರಿ 2024ರಾಗ ರಾಮ್ಸಾರ್ ಪಟ್ಟಿ, ಅಂದ್ರ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿ, ಸೇರೇತಿ. ನಿಮಗ ಇಷ್ಟು ದೂರ ಆಗದಿದ್ರ ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನೋ ಊರಿನ ಕೆರಿಗೂ ಬರ್ತಾವ, ಜನವರಿಗೆ ಹೋಗ್ರಿ.

ಹೊತ್ತಿನ ಲೆಕ್ಕ ಬಾತಿಗೂ ಇದಕ್ಕೂ ಬ್ಯಾರೆ. ಹೆಬ್ಬಾತು ರಾತ್ರಿ ಹೊಲದಾಗ ಮೇಯೋ ಹಕ್ಕಿ. ಶೇಂಗಾ, ಕಡಲಿ, ಹುಲ್ಲು ಅದರ ಮೇವು. ಸಂಜಿ ಮುಂದ ಕೆರಿ ಬಿಟ್ಟು ಹೊಲಕ್ಕ ಹೋಗಿ, ಮುಂಜಾನೆ ತಿರುಗಿ ಬಂದು ದಿನಾ ನೀರಿನ ಮ್ಯಾಲ ವಿಶ್ರಾಂತಿ ತಗೋತಾವ. ನಸುಕಿನಾಗ ಕೆರಿ ಖಾಲಿ ಕಂಡು ‘ಬಂದಿಲ್ಲ’ ಅಂತ ಹೊಳ್ಳಿ ಹೋದವರು ಭಾಳ ಮಂದಿ. 9ರ ಮ್ಯಾಲ ಬರ್ರಿ, ಇಲ್ಲಾ ಸಂಜಿ 5ರಿಂದ ಕತ್ತಲಾಗೋತನಕ ನಿಲ್ರಿ, ಸಾಲುಗಟ್ಟಿ ಏಳೋದು ಕಾಣ್ತೈತಿ. ಬದುವಿನ ಮ್ಯಾಲ ನಡೀರಿ, ಬೆಳಿ ತುಳಿಬ್ಯಾಡ್ರಿ. ಹಕ್ಕಿಯಿಂದ ಮೊದಲೇ ಲುಕ್ಸಾನು ಉಂಡ ರೈತರು ಅವರು, ನೋಡೋಕ ಬಂದವರೂ ತುಳಿದ್ರ ಯಾರಿಗೆ ಸಿಟ್ಟು ಬರಂಗಿಲ್ಲ?

ಕೊರಳಾಗ ಬಣ್ಣದ ಪಟ್ಟಿ ಇದ್ದದ್ದು ಕಂಡ್ರ ಬಣ್ಣ, ಮ್ಯಾಲಿನ ಅಕ್ಷರ, ಅಂಕಿ ಬರಕೊಳ್ರಿ, ಫೋಟೋ ಹೊಡೀರಿ. ಮಂಗೋಲಿಯಾದಾಗ ಪಟ್ಟಿ ಹಾಕಿದ ಹಕ್ಕಿ ಕರ್ನಾಟಕದಾಗ ಸಿಕ್ಕಾವ. ಸಿಕ್ಕಿದ ದಿನ, ಜಾಗ ಸೇರಿಸಿ, ಕಂಡ ಹಕ್ಕಿಗಳ ಲೆಕ್ಕ ಹಾಕೋ ಜಾಲತಾಣ ಇ–ಬರ್ಡ್‌ಗೆ ಹಾಕಿದ್ರ ಅದು ಉಪಯೋಗಕ್ಕ ಬರ್ತೈತಿ.

ಕೆರೆಕೋಡಿ

ಗುಂಪು ನಡೆಸೋ ವಿಷಯ ಯಾರೂ ಬರೆದಿಲ್ಲ, ಅದನ್ನಷ್ಟು ಸೇರಿಸ್ತೀನಿ. 14 ಜನ ಒಟ್ಟಿಗೆ ಹೋದರೆ ಹಿಂದಿನ ಏಳು ಜನಕ್ಕೆ ಮುಂದಿನವರ ಬೆನ್ನೇ ಕಾಣೋದು. ಮೂರು ದುರ್ಬೀನು, ಮೂರು ತಂಡ. ಒಂದೊಂದರಲ್ಲಿ ನಾಲ್ಕೈದು ಜನ, ಒಬ್ಬರು ಹಿರಿಯರು ಕಡ್ಡಾಯ. ತಂಡದ ನಡುವೆ 50 ಮೀಟರ್ ಅಂತರ. ಬಿಳಿ ಅಂಗಿ, ಫಳಫಳ ಹೊಳೆಯೋ ಜಾಕೆಟ್ ಬೇಡ ಅಂತ ಮೊದಲೇ ಹೇಳಿ.

ಹಕ್ಕಿ ತೋರಿಸೋಕೆ ‘ಅಲ್ಲಿ, ಅಲ್ಲಿ’ ಅಂದರೆ ಯಾರಿಗೂ ಸಿಗೋದಿಲ್ಲ. ಮರವನ್ನು ಗಡಿಯಾರ ಅಂದುಕೊಳ್ಳಿ, ತುದಿ 12, ಬಲ ಕೊಂಬೆ 3. ನೀರಿನ ಮೇಲಾದರೆ ಎದುರು ದಡದಲ್ಲಿ ಕದಲದ ಗುರುತು ಒಂದನ್ನು ಹೇಳಿ, ಅಲ್ಲಿಂದ ಎಷ್ಟು ಅಂತ ಕೈಯಲ್ಲಿ ಅಳೆಯಿರಿ: ಪೂರ್ತಿ ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ಒಂದು ಬೆರಳಿನ ಅಗಲ ಸುಮಾರು 2. ‘ನೀರಿನ ಟ್ಯಾಂಕಿನಿಂದ ಎಡಕ್ಕೆ ಮೂರು ಬೆರಳು’ ಅಂದರೆ ಮಕ್ಕಳು ನಮಗಿಂತ ಬೇಗ ಹಿಡೀತಾರೆ.

ಕಾಲಿಗೆ ಮುಚ್ಚಿದ ಶೂ, ಉದ್ದ ಪ್ಯಾಂಟು. ತಂಪು ಬೆಳಗ್ಗೆ ಏರಿ ಮೇಲೆ, ಕಲ್ಲಿನ ಸಂದಿಯಲ್ಲಿ ಕೊಳಕುಮಂಡಲ ಬಿಸಿಲು ಕಾಯಿಸ್ತಾ ಇರಬಹುದು. ಮಕ್ಕಳು ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು. ದನ ಮೇಯೋ ಕೆರೆಯಂಗಳದಲ್ಲಿ ಉಣ್ಣಿ ಹುಳ ಹತ್ತುತ್ತೆ, ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಂಡು ಹೋಗಿ, ಮನೆಗೆ ಬಂದು ಮೊಣಕಾಲ ಸಂದಿ, ಸೊಂಟ ನೋಡಿಕೊಳ್ಳಿ.

ಪಟ್ಟಿ ಬರೆಯೋರು ಒಬ್ಬರೇ ಇರಲಿ. ಇ–ಬರ್ಡ್‌ಗೆ ಹಾಕೋದಾದರೆ ನಡಿಗೆ ಶುರುವಾದಾಗ ಆ್ಯಪ್‌ನಲ್ಲಿ ಒಂದೇ ಪಟ್ಟಿ ತೆರೆದು, ಮುಗಿದ ಮೇಲೆ ಉಳಿದವರಿಗೆ ಹಂಚಿ. ಮೂವರು ಮೂರು ಪಟ್ಟಿ ಹಾಕಿದರೆ ಅದೇ ನಲವತ್ತು ಬಾತು ನೂರಿಪ್ಪತ್ತಾಗುತ್ತೆ. ಗುರುತು ಸಿಕ್ಕಿದ ಎಲ್ಲ ಜಾತಿಯನ್ನೂ ಹಾಕಿ, ಕಾಗೆ ಪಾರಿವಾಳ ಬಿಡಬೇಡಿ, ಆಗಲೇ ಅದು ಪೂರ್ಣ ಪಟ್ಟಿ. ದೊಡ್ಡ ಹಿಂಡನ್ನು ಎಣಿಸುವಾಗ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ನೋಡಿ, ಅಂಥ ಎಷ್ಟು ತುಂಡು ಅಂತ ಲೆಕ್ಕ ಹಾಕಿ. ಜಾತಿ ಗೊತ್ತಾಗದ ಬಾತನ್ನು ‘ಬಾತು, ಜಾತಿ ತಿಳಿಯದು’ ಅಂತಲೇ ಬರೆಯಿರಿ, ಅದಕ್ಕೂ ಜಾಗ ಇದೆ.

ಬೇಲಿಹೂವು

ಲಿಂಗಾಂಬುಧಿ ಅಂತ ನಿಶ್ಚಯ ಮಾಡಿದೆವು, ಶನಿವಾರ ಸಂಜೆ ಇಬ್ಬರು ನೀರು ನೋಡಿ ಬರ್ತಾರೆ. ಕೊನೇ ಪ್ರಶ್ನೆ. ಅವತ್ತು ಮಳೆ ಬಂದರೆ?

ಜೌಗುನೆಲ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಅಂತ ಸುದ್ದಿ ಬಂದರೆ ಮೈಸೂರಿಗೂ ಎರಡು ಮೂರು ದಿನ ಮೋಡ, ಜಡಿಮಳೆ ಬರಬಹುದು. ಬಂದರೆ ಮುಂದಿನ ಭಾನುವಾರಕ್ಕೆ ಹಾಕಿ, ನಷ್ಟವೇನಿಲ್ಲ. ಬಾತುಗಳ ಸಂಖ್ಯೆ ತಿಂಗಳ ಕೊನೆಗೆ ಸಾಮಾನ್ಯವಾಗಿ ಏರುತ್ತೆ. ಆದರೆ ಮಟ್ಟ ಮತ್ತೆ ನೋಡಬೇಕು, ಎರಡು ದಿನದ ಮಳೆಗೆ ಕೆಸರಿನ ಪಟ್ಟಿ ಮುಳುಗಿರಬಹುದು. ಮುಳುಗಿದ್ದರೆ ನೀರಿನ ಹಕ್ಕಿಗೆ ಕೊಟ್ಟಿರೋ ಹೊತ್ತಲ್ಲಿ ಅರ್ಧವನ್ನು ಮರಗಳಿಗೇ ಕೊಡಿ.

ಬರೀ ಬೆಳಗಿನ ತುಂತುರಾದರೆ ಮನೆಗೆ ಹೋಗಬೇಡಿ, ಸೂರಿನ ಕೆಳಗೆ ಕಾಯಿರಿ. ಮಳೆ ನಿಂತು ಬಿಸಿಲು ಬಂದ ಮೊದಲ ಅರ್ಧ ಗಂಟೆಯಲ್ಲಿ ರಾತ್ರಿಯಿಂದ ಹಸಿದಿರೋ ಹಕ್ಕಿಗಳೆಲ್ಲ ಹೊರಗೆ ಬರುತ್ತವೆ. ಹಾವಕ್ಕಿ, ನೀರುಕಾಗೆ, ಹದ್ದುಗಳು ರೆಕ್ಕೆ ಬಿಚ್ಚಿ ಒಣಗಿಸ್ತಾ ಎಷ್ಟು ಹೊತ್ತಾದರೂ ಕೂತಿರುತ್ತವೆ. ದುರ್ಬೀನಿನ ಗಾಜಿಗೆ ಹನಿ ಬಿದ್ದರೆ ಅಂಗಿ ಚುಂಗಿನಿಂದ ಉಜ್ಜಬೇಡಿ, ಧೂಳಿನ ಕಣ ಗೀರು ಹಾಕುತ್ತೆ. ಊದಿ, ಕನ್ನಡಕ ಒರೆಸೋ ಒಣ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೆಯಿರಿ. ಮೂರು ತಂಡಕ್ಕೂ ಅಂಥ ಬಟ್ಟೆ ಒಂದೊಂದು ಇರಲಿ.